ಮೇಜಿನ ಕೆಳಗಿನ ತುತ್ತು

ಜೂನ್ ೩

ಅಕ್ಕನಿಗೆ,

ಫೋನಿನಲ್ಲಿ ಮಾತಾಡಿದರೆ ಮಾತಿಗೆ ಮಾತು ಬೆಳೆಯುತ್ತದೆ ಎಂದು ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ನನ್ನವಳು ಜ್ವರ ಹಿಡಿದು ಆಸ್ಪತ್ರೆಯಲ್ಲಿ ಮಲಗಿದ್ದ ಒಂದು ತಿಂಗಳು ಜೋಂಪನನ್ನು ನಿನ್ನ ಹತ್ತಿರ ಬಿಟ್ಟಿದ್ದೆ. ಊರಿಗೆ ಹೋಗುವವರ ನಾಯಿಗಳನ್ನು ಹದಿನಾಲ್ಕು ವರ್ಷದಿಂದ ಇಟ್ಟುಕೊಂಡು ನೋಡಿಕೊಳ್ಳುವವಳು ನೀನು. ಸ್ವಂತ ತಮ್ಮನ ನಾಯಿಯನ್ನು ನೋಡಿಕೊಳ್ಳದೆ ಇರುತ್ತೀಯಾ ಎಂದು ನಂಬಿದ್ದೆ. ಏಪ್ರಿಲ್ ಕೊನೆಗೆ ಮನೆಗೆ ಕರೆತಂದೆ. ಮೂರು ವಾರ ಕಳೆಯುವಷ್ಟರಲ್ಲಿ ಅವನ ಅವತಾರ ಕಣ್ಣಿಂದ ನೋಡುವ ಹಾಗಿಲ್ಲ. ಮುಂಗಾಲಿನ ಬೆರಳ ಸಂದಿಯನ್ನು ನೆಕ್ಕಿ ನೆಕ್ಕಿ ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದೆ. ಹೊಟ್ಟೆ ಕೆಂಪಗಾಗಿದೆ. ಕಂಕುಳಲ್ಲಿ ಕೂದಲು ಉದುರಿ ತೊಗಲು ಕಾಣುತ್ತಿದೆ. ಕಿವಿಯೊಳಗೆ ಕಂದು ಜಿಡ್ಡು, ಹತ್ತಿರ ಹೋದರೆ ಹುಳಿ ನಾತ. ಕೆರೆದುಕೊಳ್ಳುವಾಗ ಅವನ ಮೊಣಕಾಲು ನೆಲಕ್ಕೆ ಬಡಿಯುವ ಸದ್ದು ಕೆಳಗಿನ ಮನೆಯವರಿಗೆ ಕೇಳಿಸಿ, ಏನು ರಿಪೇರಿ ನಡೆಸುತ್ತಿದ್ದೀರಿ ಎಂದು ಅವರು ವಿಚಾರಿಸಿದರು.

ನಿನ್ನಲ್ಲಿಗೆ ಬರುವ ಮೊದಲು ಅವನಿಗೆ ಇದ್ಯಾವುದೂ ಇರಲಿಲ್ಲ. ಕಂಡಕಂಡ ಮನೆಯ ನಾಯಿಗಳೆಲ್ಲ ಒಂದೇ ಕಂಬಳಿಯ ಮೇಲೆ ಹೊರಳಿದರೆ ಚಿಗಟ ಹತ್ತದೆ ಇನ್ನೇನಾಗುತ್ತದೆ?

ಬೇರೆಯವರಿಗೂ ಹೀಗಾಗಬಾರದೆಂದು, ನಮ್ಮೂರು ನಿಮ್ಮೂರಿನವರೆಲ್ಲ ಹೋಗುವ ಪ್ರಾಣಿ ಆಸ್ಪತ್ರೆಯ ಸೂಚನಾ ಹಲಗೆಗೆ ಒಂದು ಚೀಟಿ ಅಂಟಿಸಿದ್ದೇನೆ. ನಿನ್ನ ವಿಳಾಸ ಹಾಕಿದ್ದೇನೆ. ಬೆನ್ನ ಹಿಂದೆ ಮಾಡುವವನು ನಾನಲ್ಲ, ಅದಕ್ಕೇ ತಿಳಿಸುತ್ತಿದ್ದೇನೆ.

ಇಂತಿ,
ನಿನ್ನ ತಮ್ಮ


ಜೂನ್ ೧೨

ತಮ್ಮಾ,

ನಿನ್ನ ಕಾಗದಕ್ಕಿಂತ ನಾಲ್ಕು ದಿನ ಮೊದಲೇ ನಿನ್ನ ಚೀಟಿಯ ಸುದ್ದಿ ತಲುಪಿತು. ಬ್ಯಾಂಕಿನಾಕೆ ತನ್ನ ಎರಡು ಗಿಡ್ಡ ನಾಯಿಗಳನ್ನು ವಾರಕ್ಕೆ ಮೊದಲೇ ವಾಪಸ್ಸು ಕರೆದುಕೊಂಡು ಹೋದಳು. ಯಾಕಮ್ಮಾ ಎಂದರೆ ಮನೆಯಲ್ಲಿ ಏನೋ ಕೆಲಸವಿದೆ ಎಂದಳು. ನನ್ನ ಮುಖ ನೋಡಲಿಲ್ಲ. ಎರಡನ್ನೂ ಎರಡು ಕಂಕುಳಲ್ಲಿ ಎತ್ತಿಕೊಂಡು, ನನ್ನ ನೆಲಕ್ಕೆ ಅವುಗಳ ಕಾಲು ತಾಗದ ಹಾಗೆ ಗೇಟಿನವರೆಗೆ ನಡೆದಳು. ಆಮೇಲೆ ಇನ್ನಿಬ್ಬರು ಬಂದರು. ಅವರೂ ಎತ್ತಿಕೊಂಡೇ ಹೋದರು.

ಪ್ರತಿ ನಾಯಿಗೂ ನನ್ನಲ್ಲಿ ಒಂದು ಪುಟವಿದೆ. ಜೋಂಪನ ಪುಟದಲ್ಲಿ ಇರುವುದು ಇಷ್ಟು. ಬಂದ ದಿನ ಚಿಗಟದ ಬಾಚಣಿಗೆ ಹಾಕಿದೆ, ಏನೂ ಸಿಗಲಿಲ್ಲ. ವಾರಕ್ಕೊಮ್ಮೆ ಹಾಕಿದೆ, ಏನೂ ಸಿಗಲಿಲ್ಲ. ಹೋದ ದಿನ ಹೊಟ್ಟೆ ಬೆಳ್ಳಗಿತ್ತು, ಕಿವಿ ಒಣಗಿತ್ತು. ನೀನು ಕಟ್ಟಿಕೊಟ್ಟ ಮೀನಿನ ಒಣ ಆಹಾರ ಬಿಟ್ಟು ಬೇರೆ ಒಂದು ಕಾಳೂ ಅವನ ಬಾಯಿಗೆ ಹೋಗಿಲ್ಲ. ಕಂಬಳಿ ಒಬ್ಬೊಬ್ಬರಿಗೆ ಒಂದೊಂದು. ಕುದಿಯುವ ನೀರಿನಲ್ಲಿ ನಾನೇ ಒಗೆಯುತ್ತೇನೆ.

ಅವನನ್ನು ನಿನಗೆ ಕೊಟ್ಟವಳೇ ನಾನು. ಹತ್ತು ದಿನಕ್ಕೆಂದು ಯಾರೋ ಬಿಟ್ಟುಹೋಗಿ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಎಂಟು ತಿಂಗಳು ನನ್ನ ಮಂಚದ ಕೆಳಗೆ ಮಲಗಿದ್ದ. ಆಗ ಹತ್ತದ ಚಿಗಟ ಈಗ ಹತ್ತಿತೇ?

ಮನೆಗೆ ಬಂದ ಮೇಲೆ ಅವನಿಗೆ ಹೊಸದಾಗಿ ಏನು ಸಿಕ್ಕಿತು, ಅದನ್ನು ಯೋಚಿಸು. ಸೋಪೋ, ನೆಲ ಒರೆಸುವ ನೀರೋ, ತಿನ್ನುವುದೋ. ಡಾಕ್ಟರಿಗೆ ತೋರಿಸು. ಆ ಚೀಟಿ ತೆಗೆ.

ನಿನ್ನವಳ ಆರೋಗ್ಯ ಹೇಗಿದೆ? ನೀನು ಬರೆಯಲೇ ಇಲ್ಲ.

ಅಕ್ಕ


ಜುಲೈ ೫

ಅಕ್ಕಾ,

ನಾಯಿ ಡಾಕ್ಟರಮ್ಮನಿಗೆ ತೋರಿಸಿದೆ. ಬೆನ್ನಿನುದ್ದಕ್ಕೂ ಬಾಚಿ, ಉದುರಿದ್ದನ್ನೆಲ್ಲ ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಿ ನೋಡಿದರು. ಚಿಗಟದ ಹಿಕ್ಕೆ ಇದ್ದರೆ ಕಾಗದದ ಮೇಲೆ ಕೆಂಪು ಇಳಿಯುತ್ತದಂತೆ. ಇಳಿಯಲಿಲ್ಲ. ಚಿಗಟವಿದ್ದರೆ ಬಾಲದ ಬುಡದಲ್ಲಿ ಕಡಿತ ಹೆಚ್ಚು. ಪಾದ, ಕಿವಿ, ಹೊಟ್ಟೆ ಹೀಗೆ ಹಿಡಿದಿದ್ದರೆ ಊಟದ ಮೇಲೆ ಅನುಮಾನ ಬರುತ್ತದೆ ಎಂದರು. ರಕ್ತ ಪರೀಕ್ಷೆ ಮಾಡಿಬಿಡಿ ಎಂದೆ. ಊಟದ ಅಲರ್ಜಿಯನ್ನು ರಕ್ತ ನೋಡಿ ಹೇಳಿದರೆ ನಂಬುವ ಹಾಗಿಲ್ಲ, ಪಥ್ಯವೊಂದೇ ದಾರಿ ಎಂದರು. ಎಂಟು ವಾರ ಮೊಲದ ಮಾಂಸ ಮತ್ತು ಬೇಯಿಸಿದ ಗೆಣಸು, ನೀರು, ಅಷ್ಟೇ. ಬಿಸ್ಕತ್ತಿಲ್ಲ, ಮೂಳೆಯಿಲ್ಲ, ರುಚಿ ಹಾಕಿದ ಮಾತ್ರೆಯೂ ಇಲ್ಲ. ಕಿವಿಗೆ ಹನಿ, ವಾರಕ್ಕೆರಡು ಸಲ ಔಷಧದ ಸ್ನಾನ. ತುರಿಕೆ ನಿಂತ ಮೇಲೆ ಹಳೆಯ ಆಹಾರಗಳನ್ನು ಒಂದೊಂದಾಗಿ ಕೊಟ್ಟು ನೋಡಬೇಕು. ಯಾವುದಕ್ಕೆ ತುರಿಕೆ ಮರಳುತ್ತದೋ ಅದೇ ಕಳ್ಳ.

ಅವನು ತಿನ್ನುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡಿ ಎಂದರು. ಬರೆದುಕೊಟ್ಟಿದ್ದೇನೆ.

ಚೀಟಿ ತೆಗೆದೆ. ಆಸ್ಪತ್ರೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ತೆಗೆದೆ. ಚಿಗಟ ಅಲ್ಲದಿದ್ದರೂ ನಿನ್ನಲ್ಲಿ ಬೇರೆ ನಾಯಿಯ ತಟ್ಟೆಯಲ್ಲಿ ಏನಾದರೂ ಬಾಯಿ ಹಾಕಿರಬಹುದು ಎಂದು ನನಗೆ ಈಗಲೂ ಅನ್ನಿಸುತ್ತದೆ. ಅಂತೂ ಆ ವಿಷಯ ಮುಗಿಯಿತು ಎಂದುಕೊಳ್ಳೋಣ.

ನನ್ನವಳು ಚೇತರಿಸಿಕೊಂಡಿದ್ದಾಳೆ. ಮುಂದಿನ ವಾರ ಕಾರ್ಖಾನೆಯ ಕ್ಯಾಂಟೀನಿಗೆ ಹೋಗುತ್ತಾಳೆ. ನಾನೂರು ಜನರ ಅಡುಗೆಯ ಮುಖ್ಯಸ್ಥೆ, ಎಷ್ಟು ದಿನ ಮನೆಯಲ್ಲಿ ಕೂರುತ್ತಾಳೆ?

ತಮ್ಮ


ಜುಲೈ ೧೯

ತಮ್ಮಾ,

ಚೀಟಿ ತೆಗೆದರೆ ವಿಷಯ ಮುಗಿಯುತ್ತದೆಯೇ? ಯಾರೋ ಅದರ ಫೋಟೋ ತೆಗೆದಿದ್ದಾರೆ. ಅದು ಈಗ ಎಲ್ಲರ ಫೋನಿನಲ್ಲಿ ಓಡಾಡುತ್ತಿದೆ. ಔಷಧಿ ಅಂಗಡಿಯವರು ನನಗೇ ತೋರಿಸಿದರು. ನಿನ್ನ ಕನ್ನಡಕದ ಅಂಗಡಿಯ ಚೀಟಿಪುಸ್ತಕದ ಹಾಳೆ. ಮೇಲಿನ ಹೆಸರು ಹರಿದು ಹಾಕಿದ್ದೀಯ, ಅಕ್ಷರ ನಿನ್ನದೇ. ನಿನಗೆ ಅ ಆ ಬರೆಯಲು ಕಲಿಸಿದವಳು ನಾನು, ಗುರುತು ಸಿಗದೆ ಇರುತ್ತದೆಯೇ?

ಎಂಟು ಕೋಣೆಯಲ್ಲಿ ಈಗ ಒಂದೇ ನಾಯಿ ಉಳಿದಿದೆ. ನಿವೃತ್ತ ಪೋಸ್ಟ್‌ಮ್ಯಾನರದ್ದು. ಅವರಿಗೆ ಫೋನಿಲ್ಲ, ಅವರ ನಾಯಿಗೆ ಕಣ್ಣಿಲ್ಲ. ಅದಕ್ಕೇ ಇಬ್ಬರೂ ಇನ್ನೂ ಬರುತ್ತಿದ್ದಾರೆ. ಬೆಳಗಿನ ಹೊತ್ತು ಒಂದು ಹೋಟೆಲಿನ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದ್ದೇನೆ. ಒಗೆಯುವುದು ನನಗೆ ಹೊಸದಲ್ಲ.

ಪಥ್ಯದ ಬಗ್ಗೆ ಒಂದು ಮಾತು. ಇದು ನಾಯಿಗೋಸ್ಕರ, ನಿನಗೋಸ್ಕರ ಅಲ್ಲ. ಇಂಥ ಪಥ್ಯ ಮಾಡಿಸಿದ ಹತ್ತು ಹದಿನೈದು ಮನೆಗಳನ್ನು ನಾನು ನೋಡಿದ್ದೇನೆ. ಅದು ಕೆಡುವುದು ಅಡುಗೆಮನೆಯಲ್ಲಲ್ಲ, ಊಟದ ಮೇಜಿನ ಕೆಳಗೆ. ಒಂದು ತುಣುಕು ಬಿದ್ದರೂ ಲೆಕ್ಕ ಮತ್ತೆ ಮೊದಲಿನಿಂದ. ಅಜ್ಜ ಕೊಟ್ಟಿರುತ್ತಾರೆ, ಕೆಲಸದವಳು ಕೊಟ್ಟಿರುತ್ತಾಳೆ, ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ನಿಮ್ಮ ಮನೆಯಲ್ಲಿ ಇರುವವರು ಇಬ್ಬರು. ನಿನ್ನವಳನ್ನು ಕೇಳು. ನಿನ್ನನ್ನೂ ಕೇಳಿಕೋ.

ಬೇರೆ ನಾಯಿಯ ತಟ್ಟೆಯ ಮಾತಿಗೆ ನಾನು ಉತ್ತರ ಕೊಡುವುದಿಲ್ಲ.

ಅಕ್ಕ


ಆಗಸ್ಟ್ ೩೦

ಅಕ್ಕಾ,

ನೀನು ಕಾಗದ ಬರೆದು ಆರು ವಾರವಾಯಿತು. ಏಳು ಸಲ ಉತ್ತರ ಬರೆಯಲು ಕೂತೆ. ಪ್ರತಿ ಸಲವೂ ನಾಯಿಯ ಕಿವಿಯ ವಿಷಯ ಬರೆದು ನಿಲ್ಲಿಸಿದೆ.

ಕೇಳಿಕೋ ಎಂದೆಯಲ್ಲ. ಕೇಳಿಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ, ನನಗೆ ಗೊತ್ತಿತ್ತು.

ನನ್ನವಳು ಆಸ್ಪತ್ರೆಯಿಂದ ಬಂದ ನಾಲ್ಕನೆಯ ದಿನ ಎದ್ದು ಅಡುಗೆ ಮಾಡಿದಳು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಅಡುಗೆಯೇ ಕಡಿಮೆ. ಅವಳು ಕ್ಯಾಂಟೀನಿನಲ್ಲಿ ಉಣ್ಣುತ್ತಿದ್ದಳು, ನನಗೂ ಅಲ್ಲಿಂದಲೇ ಡಬ್ಬಿ ಬರುತ್ತಿತ್ತು. ಶಕ್ತಿ ಬರಲು ದಿನಾ ಕೋಳಿ ತಿನ್ನಿ ಎಂದು ಡಾಕ್ಟರು ಹೇಳಿದ್ದರು. ಬೇಯಿಸಿ ಇಬ್ಬರಿಗೂ ಬಡಿಸಿದಳು. ನಾನು ಬಾಯಿಗಿಟ್ಟೆ. ತಳ ಹಿಡಿದ ನಾತ, ಎರಡು ಸಲ ಹಾಕಿದ ಉಪ್ಪು. ನುಂಗಲಾಗಲಿಲ್ಲ. ಅವಳು ಕಣ್ಣು ಪಿಳುಕಿಸದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಮೂವತ್ತು ದಿನ ಹಾಸಿಗೆ ಹಿಡಿದು ಅರ್ಧ ಆಗಿದ್ದಳು. ಹೇಗಿದೆ ಎಂದಳು. ಮೊದಲಿನ ಹಾಗೇ ಇದೆ ಎಂದೆ. ಅವಳ ಮುಖ ಅರಳಿತು. ನೀರು ತರಲು ಒಳಗೆ ಹೋದಳು. ನಾನು ತಟ್ಟೆಯಲ್ಲಿದ್ದದ್ದನ್ನು ಮೇಜಿನ ಕೆಳಗೆ ಹಿಡಿದೆ. ಜೋಂಪ ಸದ್ದಿಲ್ಲದೆ ತಿಂದ.

ಅಂದಿನಿಂದ ದಿನವೂ ಅದೇ. ಪಥ್ಯ ಶುರುವಾದ ಮೇಲೂ ಅದೇ. ಬೆಳಿಗ್ಗೆ ಮೊಲ, ಗೆಣಸು ತೂಕ ಹಾಕಿ ಕೊಡುತ್ತೇನೆ, ರಾತ್ರಿ ಅವಳ ಜೊತೆ ಊಟಕ್ಕೆ ಕೂತಾಗ ಮೇಜಿನ ಕೆಳಗೆ ಕೈ ಚಾಚುತ್ತೇನೆ. ಡಾಕ್ಟರಮ್ಮನಿಗೆ ಬರೆದುಕೊಟ್ಟ ಹಾಳೆಯಲ್ಲಿ ಕೋಳಿ ಇಲ್ಲ. ಮೊನ್ನೆ ಏಳನೆಯ ವಾರದ ತಪಾಸಣೆ. ಹೊಟ್ಟೆ ಕೆಂಪಗೇ ಇದೆ, ಕಾಲು ಹಸಿ ಗಾಯವಾಗಿದೆ. ಬೇರೆ ಏನೂ ಕೊಟ್ಟಿಲ್ಲ ತಾನೇ ಎಂದರು. ಇಲ್ಲ ಎಂದೆ. ಹಾಗಾದರೆ ಊಟದ ಅಲರ್ಜಿ ಅಲ್ಲವೇನೋ, ಬಹಳ ಕಾಲ ಕೊಡಬೇಕಾದ ಬಲವಾದ ಮಾತ್ರೆ ಶುರು ಮಾಡೋಣ ಎಂದು ಬರೆದುಕೊಟ್ಟರು. ಆ ಚೀಟಿ ಜೇಬಿನಲ್ಲೇ ಇದೆ.

ಇನ್ನೊಂದು ಹೇಳಿಬಿಡುತ್ತೇನೆ. ಮನೆಗೆ ಬಂದ ಮೇಲೆ ಅವನಿಗೆ ಹೊಸದಾಗಿ ಏನು ಸಿಕ್ಕಿತು ಎಂದು ನೀನು ಜೂನಿನಲ್ಲಿ ಬರೆದೆಯಲ್ಲ, ಆ ಸಾಲು ಓದಿದಾಗಲೇ ನನಗೆ ಕೋಳಿ ನೆನಪಾಗಿತ್ತು. ಚೀಟಿ ಕಿತ್ತಾಗ ನನಗೆ ಗೊತ್ತಿತ್ತು. ಬೇರೆ ನಾಯಿಯ ತಟ್ಟೆ ಎಂದು ನಿನಗೆ ಬರೆದಾಗಲೂ ಗೊತ್ತಿತ್ತು.

ಅವಳು ಕ್ಯಾಂಟೀನಿಗೆ ಹೋಗುತ್ತಿದ್ದಾಳೆ. ಕೈ ರುಚಿ ಕೆಟ್ಟಿಲ್ಲ ಎಂಬ ಧೈರ್ಯದಲ್ಲಿ ಹೋಗುತ್ತಿದ್ದಾಳೆ. ಈ ವಿಷಯ ಅವಳ ಕಿವಿಗೆ ಹಾಕಬೇಡ. ನಿನ್ನ ಕಾಲು ಹಿಡಿಯುತ್ತೇನೆ.

ನಿನ್ನ ತಮ್ಮ


ಸೆಪ್ಟೆಂಬರ್ ೮

ತಮ್ಮಾ,

ನನಗೆ ಹೇಳಿ ನೀನು ಹಗುರಾಗಬೇಡ. ನಾನು ನಿನ್ನ ಗುಟ್ಟಿನ ಪೆಟ್ಟಿಗೆಯಲ್ಲ.

ಹೇಳಬೇಕಾದವರು ಮೂವರು: ನಿನ್ನವಳು, ಡಾಕ್ಟರಮ್ಮ, ಆ ಹಲಗೆ ಓದಿದ ಜನ. ಅವರಿಗೆ ಹೇಳುವವರೆಗೂ ನನಗೆ ಬರೆಯಬೇಡ.

ಅಕ್ಕ


ಅಕ್ಟೋಬರ್ ೧೪

ಅಕ್ಕಾ,

ಮೂವರಲ್ಲಿ ಇಬ್ಬರಿಗೆ ಹೇಳಿದ್ದೇನೆ. ಮೂರನೆಯದರ ವಿಷಯ ಕೊನೆಗೆ ಬರೆಯುತ್ತೇನೆ.

ಮೊದಲನೆಯದನ್ನು ನಾನಾಗಿ ಹೇಳಲಿಲ್ಲ. ಸಿಕ್ಕಿಬಿದ್ದೆ. ನಿನ್ನ ಕಾಗದ ಬಂದ ಮೇಲೂ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಎರಡು ವಾರ ದೂಡಿದ್ದೆ. ಅಂಗಡಿಗೆ ರಜೆಯಿದ್ದ ಒಂದು ಸೋಮವಾರ ಮಧ್ಯಾಹ್ನ ಅವಳು ಕೆಲಸದ ನಡುವೆಯೇ ಮನೆಗೆ ಬಂದಳು. ಏಪ್ರನ್ ಕೂಡ ಬಿಚ್ಚಿರಲಿಲ್ಲ. ಕ್ಯಾಂಟೀನಿನಲ್ಲಿ ಅಲ್ಲಿಯವರೆಗೆ ಸಹಾಯಕಿಯೊಬ್ಬಳು ಗುಟ್ಟಾಗಿ ಉಪ್ಪು ಖಾರ ಸರಿಮಾಡುತ್ತಿದ್ದಳಂತೆ, ಆವತ್ತು ಅವಳಿಗೆ ರಜೆ. ಊಟಕ್ಕೆ ಬಂದವರು ಒಂದು ತುತ್ತು ತಿಂದು, ತಟ್ಟೆಗಳನ್ನು ಒಂದೊಂದಾಗಿ ತಂದು ಅವಳ ಮುಂದಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹೋದರಂತೆ. ಮ್ಯಾನೇಜರು ಕರೆದು, ನೀವೇ ರುಚಿ ನೋಡಿ ಎಂದರು. ಅವಳು ಎಲ್ಲರೆದುರು ನೋಡಿ, ಸರಿಯಾಗಿಯೇ ಇದೆಯಲ್ಲ ಎಂದಳು. ಯಾರೋ ಕಿಸಕ್ಕನೆ ನಕ್ಕರು. ಆಗ ಅವಳು ಒಂದು ಮಾತು ಹೇಳಿದಳಂತೆ: "ನಮ್ಮನೆಯವ್ರು ದಿನಾ ನನ್ನ ಅಡುಗೆ ತಿಂತಾರೆ. ಅವ್ರಿಗೇನೂ ಅನ್ಸಿಲ್ಲ."

ನನಗೆ ಇದನ್ನೆಲ್ಲ ಹೇಳುತ್ತ ಬೆಳಗಿನ ಕೋಳಿಯನ್ನು ತಟ್ಟೆಗೆ ಹಾಕಿ ನನ್ನ ಮುಂದಿಟ್ಟು, ಎದುರಿಗೆ ಕೂತಳು. ತಿನ್ನಿ ಎಂದಳು. ತಿಂದೇ ಬಿಡುತ್ತೇನೆ, ಹಲ್ಲು ಕಚ್ಚಿ ನುಂಗುತ್ತೇನೆ ಎಂದು ತುತ್ತೆತ್ತಿದೆ. ಅಷ್ಟರಲ್ಲಿ ಜೋಂಪ ತನ್ನ ಮೂಲೆಯಿಂದ ಎದ್ದ. ಗಾಯ ನೆಕ್ಕದಿರಲೆಂದು ಕತ್ತಿಗೆ ಹಾಕಿದ, ಆಲಿಕೆಯಂಥ ಪ್ಲಾಸ್ಟಿಕ್ ಕೊಳವೆಯನ್ನು ಕುರ್ಚಿಗೆ ತಾಗಿಸಿಕೊಂಡು ಮೇಜಿನ ಕೆಳಗೆ ನುಗ್ಗಿ, ನನ್ನ ತೊಡೆಯ ಮೇಲೆ ಗದ್ದವಿಟ್ಟು ಬಾಯಿ ತೆರೆದು ಕಾದ. ಅವಳು ಬಗ್ಗಿ ನೋಡಿದಳು. ಎಷ್ಟೋ ಹೊತ್ತು ಹಾಗೇ ಬಗ್ಗಿಕೊಂಡಿದ್ದಳು.

"ದಿನಾನಾ?" ಎಂದಳು.

"ದಿನಾ," ಎಂದೆ.

ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಒಳ್ಳೆಯದಿತ್ತು. "ಜ್ವರ ಬಂದಾಗ್ಲೇ ಮೂಗು ಹೋಯ್ತು ನಂದು. ವಾಸನೆ, ರುಚಿ ಎರಡೂ ಗೊತ್ತಾಗಲ್ಲ. ಹೇಳ್ಕೊಳ್ಳೋಕೆ ನಾಚಿಕೆ ಆಯ್ತು, ಅಡುಗೆಯವ್ಳಿಗೆ ಮೂಗಿಲ್ಲ ಅಂದ್ರೆ ಏನುಳೀತು? ಕೈಗೆ ಅಭ್ಯಾಸ ಇದೆ, ನಡೆಯುತ್ತೆ ಅಂದ್ಕೊಂಡೆ. ಚೆನ್ನಾಗಿದೆ ಅಂದ್ರಿ ನೀವು. ನಂಗೆ ಅಂತ ಇದ್ದದ್ದು ನಿಮ್ಮ ನಾಲಿಗೆ ಒಂದೇ." ಇಷ್ಟು ಹೇಳಿ ಎದ್ದು ಕೈ ತೊಳೆದಳು. ಇನ್ನು ಮುಂದೆ ಅವಳಿಗೆ ಏನು ಹೇಳುವುದಿದ್ದರೂ ಬಾಯಲ್ಲಿ ಹೇಳಬಾರದಂತೆ. ನನ್ನ ಬಾಯನ್ನು ನಂಬುವುದಿಲ್ಲವಂತೆ. ಬರೆದು ಕೊಡಬೇಕು.

ಹಾಗೇ ನಡೆಯುತ್ತಿದೆ. ಉಪ್ಪು ಹೆಚ್ಚು, ಅರ್ಧ ಚಮಚ ಸಾಕು ಎಂದು ಬರೆದು ಫ್ರಿಜ್ಜಿಗೆ ಅಂಟಿಸುತ್ತೇನೆ. ಅವಳು ಓದಿ, ತಕ್ಕಡಿ ಇಟ್ಟುಕೊಂಡು ಮತ್ತೆ ಮಾಡುತ್ತಾಳೆ. ಮನೆಯಲ್ಲಿ ಮಾತಿಲ್ಲ.

ಡಾಕ್ಟರಮ್ಮನ ಹತ್ತಿರ ಮರುದಿನವೇ ಹೋದೆ. ಹೇಳುವಾಗ ನನ್ನ ಕಣ್ಣು ಅವರ ಚಪ್ಪಲಿಯ ಮೇಲಿತ್ತು. ಅವರು ಬೈಯಲಿಲ್ಲ. ಜೋಂಪನ ಕಾರ್ಡು ತೆಗೆದು ಏಳು ವಾರದ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಆ ದಿನದ ತಾರೀಖು ಹಾಕಿದರು. ಆ ಬಲವಾದ ಮಾತ್ರೆ ಈಗ ಬೇಡ ಎಂದರು. ಹೀಗೆ ಬಂದು ಹೇಳುವವರು ಕಡಿಮೆ ಎಂದೂ ಅಂದರು. ಅದು ಹೊಗಳಿಕೆಯಾಗಿ ನನಗೆ ಕೇಳಿಸಲಿಲ್ಲ. ಪಥ್ಯ ಈಗ ನಿಜವಾಗಿ ನಡೆಯುತ್ತಿದೆ. ಮೂರು ವಾರಕ್ಕೇ ಪಾದ ನೆಕ್ಕುವುದು ಕಡಿಮೆಯಾಗಿದೆ.

ಇನ್ನು ಹಲಗೆ. ಹೊಸ ಚೀಟಿ ಬರೆದೆ. ಜೂನಿನಲ್ಲಿ ಇಲ್ಲಿ ಅಂಟಿಸಿದ್ದ ಚಿಗಟದ ಮಾತು ಸುಳ್ಳು, ಆ ಮನೆಯಲ್ಲಿ ಯಾವ ದೋಷವೂ ಇಲ್ಲ, ತಪ್ಪು ನಾಯಿಯ ಯಜಮಾನನದು ಎಂದು ಬರೆದು ಅಂಟಿಸಿದೆ. ಬೆಕ್ಕಿನ ಬುಟ್ಟಿ ಹಿಡಿದ ಒಬ್ಬ ಹೆಂಗಸು ಪಕ್ಕದಲ್ಲಿ ನಿಂತು ಅದನ್ನು ಓದಿದಳು. "ಯಾರ್ರೀ ಇವ್ನು, ಒಬ್ರ ಅನ್ನಕ್ಕೆ ಕಲ್ಲು ಹಾಕಿ ಈಗ ಬರ್ದಿದಾನೆ?" ಎಂದು ನನ್ನನ್ನೇ ಕೇಳಿದಳು.

ಗೊತ್ತಿಲ್ಲ ಎಂದೆ, ಅಕ್ಕಾ. ಚೀಟಿಯಲ್ಲಿ ನನ್ನ ಹೆಸರು ಹಾಕಿರಲಿಲ್ಲ. ಅದಕ್ಕೇ ಮೂವರಲ್ಲಿ ಇಬ್ಬರು ಎಂದು ಬರೆದೆ.

ತಮ್ಮ


ಡಿಸೆಂಬರ್ ೯

ಅತ್ತಿಗೆಗೆ ನಮಸ್ಕಾರಗಳು.

ಮದುವೆಯಾಗಿ ಬಂದಾಗಿನಿಂದ ನಿಮಗೆ ನಾನು ಕಾಗದ ಬರೆದವಳಲ್ಲ. ಮೊದಲ ಕಾಗದವೇ ಇಂಥದ್ದಾಯಿತು.

ಜೋಂಪ ಗುಣವಾಗಿದ್ದಾನೆ. ಎಂಟನೆಯ ವಾರಕ್ಕೆ ಕಂಕುಳಲ್ಲಿ ಕೂದಲು ಬಂತು, ಕಿವಿ ಒಣಗಿತು, ಕತ್ತಿನ ಕೊಳವೆ ತೆಗೆದೆವು. ಕೋಳಿಯೇ ಕಾರಣ ಎಂದು ಖಚಿತವಾಗಬೇಕಾದರೆ ಮತ್ತೆ ಕೊಟ್ಟು ನೋಡಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ನೆಮ್ಮದಿಯಾಗಿ ಮಲಗಿದ್ದ ನಾಯಿಗೆ ತಿಳಿದೂ ತಿಳಿದೂ ಮತ್ತೆ ಅದನ್ನು ಹಾಕಲು ಇವರಿಗೆ ಕೈ ಬರಲಿಲ್ಲ. ಪರೀಕ್ಷೆ ಮಾಡದೆ ಬಿಟ್ಟರೆ ನಿಮ್ಮ ಮೇಲಿನ ಮಾತು ಅರ್ಧ ಅಳಿಸಿದ ಹಾಗೇ ಉಳಿಯುತ್ತದೆ ಎಂದು ನಾನೇ ಹಾಕಿದೆ. ಮೂರನೆಯ ದಿನ ಪಾದ ನೆಕ್ಕಲು ಶುರು ಮಾಡಿದ. ಐದನೆಯ ದಿನ ಕಿವಿ ಕೆಂಪಾಯಿತು. ನಿಲ್ಲಿಸಿದೆವು, ಹತ್ತು ದಿನದಲ್ಲಿ ಸರಿಹೋಯಿತು. ಡಾಕ್ಟರಮ್ಮ ಬರೆದುಕೊಟ್ಟದ್ದರ ನಕಲು ಇದರೊಳಗಿಟ್ಟಿದ್ದೇನೆ. ಯಾರಿಗೆ ಬೇಕಾದರೂ ತೋರಿಸಿ. ಅವನನ್ನು ನಿಮ್ಮಲ್ಲಿ ಬಿಟ್ಟುಹೋದವರು ಕೋಳಿ ಹಾಕುತ್ತಿದ್ದಿರಬಹುದು, ಅಲರ್ಜಿ ಆಗಿನಿಂದಲೇ ಒಳಗೆ ಕೂತಿರಬಹುದು ಎಂದರು.

ಅತ್ತಿಗೆ, ತಪ್ಪು ಇವರೊಬ್ಬರದೇ ಅಲ್ಲ. ಇವರು ತಟ್ಟೆ ಬರಿದು ಮಾಡಿ ಕೈ ತೊಳೆಯುವಾಗ ನಾನು ಇವರ ಮುಖ ನೋಡುತ್ತಿದ್ದೆ. ಒಂದೊಂದು ದಿನ ಅನುಮಾನ ಬರುತ್ತಿತ್ತು. ಕೇಳಿದರೆ ನಿಜ ಹೇಳಿಬಿಟ್ಟಾರು ಎಂಬ ಭಯಕ್ಕೆ ಕೇಳಲಿಲ್ಲ. ನಮ್ಮಿಬ್ಬರ ಈ ನಾಟಕಕ್ಕೆ ನಿಮ್ಮ ಎಂಟು ಕೋಣೆಗಳಲ್ಲಿ ಏಳು ಖಾಲಿಯಾದವು. ಹೋಟೆಲಿನ ಬಟ್ಟೆ ಒಗೆಯುತ್ತಿದ್ದೀರಿ ಎಂದು ಇವರ ಡ್ರಾಯರಿನಲ್ಲಿದ್ದ ನಿಮ್ಮ ಕಾಗದದಿಂದ ನನಗೆ ಗೊತ್ತಾಯಿತು. ಓದಿದ ದಿನ ಊಟ ಸೇರಲಿಲ್ಲ.

ನಾನೀಗ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುತ್ತೇನೆ. ಒಲೆಯ ಹತ್ತಿರ ಬಿಡುವುದಿಲ್ಲ. ಜನವರಿಯಲ್ಲಿ ದೂರದ ದೊಡ್ಡ ಆಸ್ಪತ್ರೆಯ ಮೂಗಿನ ವಿಭಾಗದಲ್ಲಿ ಎರಡು ವಾರ ಇರಬೇಕು. ಕೊನೆಯ ಐದು ದಿನ ಇವರೂ ಜೊತೆಗಿರಬೇಕಂತೆ. ಆ ಐದು ದಿನ ಜೋಂಪನನ್ನು ಎಲ್ಲಿ ಬಿಡುವುದು? ಕೇಳಲು ಮುಖವಿಲ್ಲ. ಆದರೂ ನಿಮ್ಮನ್ನೇ ಕೇಳುತ್ತಿದ್ದೇನೆ.

ಇವರನ್ನು ಕ್ಷಮಿಸಿ ಎಂದು ನಾನು ಬರೆಯುವುದಿಲ್ಲ. ನನ್ನ ಸಿಟ್ಟೇ ಇನ್ನೂ ಮುಗಿದಿಲ್ಲ.

ಇಂತಿ,
ನಿಮ್ಮ ತಮ್ಮನ ಹೆಂಡತಿ


ಡಿಸೆಂಬರ್ ೨೧

ಅಮ್ಮಣ್ಣಿ,

ನಾಯಿ ಬರಲಿ. ಅವನೇ ಕರೆದುಕೊಂಡು ಬರಲಿ.

ಬಸ್ ನಿಲ್ದಾಣದಿಂದ ಆಟೋ ಹತ್ತಿ ಗೇಟಿನ ಮುಂದೆ ಇಳಿಯುವುದು ಬೇಡ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಅಂಗಡಿಗಳೆಲ್ಲ ತೆರೆದಿರುವ ಹೊತ್ತಿಗೆ, ಬೀದಿಯ ಆ ತುದಿಯಿಂದ ನಾಯಿಯನ್ನು ನಡೆಸಿಕೊಂಡು ಬರಬೇಕು. ಚೀಟಿಯನ್ನು ಊರೆಲ್ಲ ಓದಿದೆ. ನಾಯಿ ವಾಪಸ್ಸು ಬರುವುದನ್ನು ಈ ಬೀದಿಯಾದರೂ ನೋಡಲಿ.

ನಿನ್ನ ಮೂಗಿನ ವಿಷಯ ಓದಿ ಸಂಕಟವಾಯಿತು. ಡಾಕ್ಟರು ಏನು ಹೇಳಿದರು ಎಂದು ಬರೆ.

ಅತ್ತಿಗೆ


ಜನವರಿ ೧೧, ಶನಿವಾರ

ಇವಳೇ,

ಬಾಯಲ್ಲಿ ಹೇಳಬಾರದು ಎಂದಿದ್ದೀಯ, ಅದಕ್ಕೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಾಳೆ ಆಸ್ಪತ್ರೆಗೆ ಬಂದಾಗ ನಿನ್ನ ಕೈಗೇ ಕೊಡುತ್ತೇನೆ.

ಅಕ್ಕ ಹೇಳಿದ ಹಾಗೆ ಬೀದಿಯ ತುದಿಯಿಂದ ನಡೆದೆ. ಇನ್ನೂರು ಹೆಜ್ಜೆಯೂ ಇಲ್ಲದ ಬೀದಿ. ಜೋಂಪನಿಗೆ ಗುರುತು ಸಿಕ್ಕಿ ಹಗ್ಗ ಎಳೆಯತೊಡಗಿದ. ನನ್ನ ಕಾಲು ಹಿಂದಕ್ಕೆ ಎಳೆಯುತ್ತಿತ್ತು. ಔಷಧಿ ಅಂಗಡಿಯವರು ಕಟ್ಟೆಯ ಮೇಲೆ ಬಗ್ಗಿ ನೋಡಿದರು. ಟೈರ್ ಅಂಗಡಿಯ ಮುಂದೆ ಮೂರು ನಾಲ್ಕು ಜನ ಚಹಾ ಕುಡಿಯುತ್ತಿದ್ದರು. ನಾನು ಗೇಟಿನ ಚಿಲಕಕ್ಕೆ ಕೈ ಹಾಕಿದೆ. ಟೈರ್ ಅಂಗಡಿಯವನು ಪಾಪ, ಒಳ್ಳೆಯದಕ್ಕೇ ಕೂಗಿದ: "ಸಾರ್, ಅಲ್ಲಿ ಬಿಡ್ಬೇಡಿ. ಆ ಮನೇಲಿ ಚಿಗಟ ಅಂತೆ. ಚೀಟಿ ಬಂದಿತ್ತು, ನೀವು ನೋಡ್ಲಿಲ್ವಾ?"

ಸುಮ್ಮನೆ ತಲೆಯಾಡಿಸಿ ಒಳಗೆ ನುಗ್ಗಿಬಿಡೋಣ ಎನ್ನಿಸಿದ್ದು ನಿಜ. ನಿನಗೆ ಬರೆಯುತ್ತಿರುವುದರಿಂದ ಅದನ್ನೂ ಬರೆಯುತ್ತೇನೆ. ಚಿಲಕ ಅರ್ಧ ತೆಗೆದೂ ಇದ್ದೆ.

ಆಮೇಲೆ ಹಿಂದೆ ತಿರುಗಿದೆ. "ಆ ಚೀಟಿ ಬರ್ದವ್ನು ನಾನೇ," ಎಂದೆ. ಕೇಳಿಸಲಿಲ್ಲವೇನೋ, ಅವನು ಹುಬ್ಬು ಗಂಟಿಕ್ಕಿದ. ಹತ್ತಿರ ಹೋಗಿ, ಗಟ್ಟಿಯಾಗಿ ಮತ್ತೆ ಹೇಳಿದೆ: "ಬರ್ದವ್ನು ನಾನು. ಅದು ಸುಳ್ಳು. ನಾಯಿಗೆ ತುರಿಕೆ ಬಂದಿದ್ದು ನಾನು ಹಾಕಿದ ಊಟದಿಂದ. ಇವ್ರು ನನ್ನ ಸ್ವಂತ ಅಕ್ಕ."

ಟೈರ್ ಅಂಗಡಿಯವನು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಚಹಾದ ಲೋಟ ಕೆಳಗಿಟ್ಟು ಒಳಗೆ ಹೋದ. ಉಗಿದಿದ್ದರೆ ಒರೆಸಿಕೊಳ್ಳಬಹುದಿತ್ತು.

ತಿರುಗಿದರೆ ಅಕ್ಕ ಗೇಟಿನ ಒಳಗೆ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ. ಕೈಗಳು ಒಗೆತಕ್ಕೆ ಬಿರಿದು ಬೆಳ್ಳಗಾಗಿವೆ. ಮುಖಕ್ಕಿಂತ ಮೊದಲು ನನಗೆ ಅವೇ ಕಂಡವು. ಬೇರೆ ಗಿರಾಕಿಗಳನ್ನು ಕೇಳುವ ಹಾಗೇ ಎಷ್ಟು ದಿನ ಎಂದಳು. ಐದು ಎಂದೆ. ತಿನ್ನಬಾರದ್ದು ಏನು ಎಂದಳು. ಅವಳಿಗೆ ಗೊತ್ತಿಲ್ಲವೇ? ಆದರೂ ಕೇಳಿದಳು. ಕೋಳಿ ಎಂದೆ. ಅಷ್ಟು ಹೇಳಿ ತೋಳಿನಿಂದ ಕಣ್ಣು ಒರೆಸಿಕೊಂಡೆ.

"ನಾಯಿ ಮುಂದೆ ಅಳ್ಬೇಡ, ಅದು ಹೆದ್ರುತ್ತೆ," ಎಂದಳು. ಹಗ್ಗ ತೆಗೆದುಕೊಂಡಳು. ಜೋಂಪ ಅವಳ ಕಾಲಿಗೆ ಮೈ ಉಜ್ಜುತ್ತ, ಹಿಂದೆ ತಿರುಗಿ ನೋಡದೆ ಒಳಗೆ ಹೋದ. ಮೂರು ಕೋಣೆಗಳಲ್ಲಿ ನಾಯಿಗಳಿದ್ದದ್ದು ಕಾಣಿಸಿತು. ಐದು ಖಾಲಿ.

ಒಳಗೆ ಬಾ ಎಂದು ಅವಳು ಕರೆಯಲಿಲ್ಲ. ಕರೆಯಲಿ ಎಂದು ನಾನೂ ನಿಲ್ಲಲಿಲ್ಲ. ಗುರುವಾರ ಕರೆದುಕೊಂಡು ಹೋಗಲು ಬರುವಾಗಲೂ ಆ ತುದಿಯಿಂದಲೇ ನಡೆದು ಬರಬೇಕಂತೆ, ನಿನ್ನನ್ನೂ ಕರೆತರಬೇಕಂತೆ. ಅಷ್ಟು ಹೇಳಿ ಗೇಟು ಹಾಕಿಕೊಂಡಳು.

ವಾಪಸ್ಸು ಅದೇ ಬೀದಿಯಲ್ಲಿ ಬಂದೆ. ಅಂಗಡಿಯ ಬಾಗಿಲುಗಳಲ್ಲಿ ಈಗ ಇನ್ನಷ್ಟು ಜನ ನಿಂತಿದ್ದರು, ಸುದ್ದಿ ನನಗಿಂತ ಮುಂದೆ ಓಡಿತ್ತು. ತಲೆ ಎತ್ತಲಾಗಲಿಲ್ಲ, ನಿಜ ಹೇಳುತ್ತೇನೆ. ಆದರೆ ಬೇಗ ಬೇಗ ನಡೆಯಲಿಲ್ಲ. ಎಲ್ಲರೂ ಸರಿಯಾಗಿ ನೋಡಿಕೊಳ್ಳಲಿ ಎಂದು ನಿಧಾನವಾಗಿಯೇ ನಡೆದೆ.

ನಿನ್ನವನು